ಜೆಲ್ಲಿ ಯಾವುದರದ್ದು ಎಂದು ಗಿರಾಕಿ ಕೇಳಿದರೆ



ಗಲ್ಲಾದಲ್ಲಿ ಕೂತವರಿಗೆ ದಿನಕ್ಕೆ ನೂರು ಪ್ರಶ್ನೆಗಳು ಬರುತ್ತವೆ. ಇಡ್ಲಿ ಬಿಸಿ ಇದೆಯೇ, ಸಾಂಬಾರಿಗೆ ಬೆಳ್ಳುಳ್ಳಿ ಬಿದ್ದಿದೆಯೇ, ಉಪವಾಸಕ್ಕೆ ಏನಿದೆ, ಚಟ್ನಿ ಇನ್ನೊಂದು ಬಟ್ಟಲು ಸಿಗುತ್ತದೆಯೇ? ಇವಕ್ಕೆಲ್ಲ ನಮ್ಮ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯ ಮಧ್ಯಾಹ್ನ ಮುಂಬಯಿ ಉಪನಗರದ ನಮ್ಮ ಹೋಟೆಲಿನಲ್ಲಿ ಮಾತ್ರ ಉತ್ತರವಿಲ್ಲದ ಪ್ರಶ್ನೆಯೊಂದು ಬಂತು. ಫಲೂದಾ ತಿನ್ನುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಚಮಚದಲ್ಲಿ ಕೆಂಪು ಜೆಲ್ಲಿಯ ತುಂಡನ್ನು ಎತ್ತಿ ಹಿಡಿದು, "ಅಂಕಲ್, ಇದು ವೆಜ್ ತಾನೇ?" ಎಂದು ಕೇಳಿದಳು.

"ನಮ್ಮದು ಪ್ಯೂರ್ ವೆಜ್ ಹೋಟೆಲು, ಬೋರ್ಡು ನೋಡಲಿಲ್ಲವೇನಮ್ಮಾ?" ಎಂದು ನಗುತ್ತಲೇ ಹೇಳಿದೆವು. ಅವಳು ನಗಲಿಲ್ಲ. "ಬೋರ್ಡು ನೋಡಿದೆ, ಜೆಲ್ಲಿ ಯಾವುದರದ್ದು ಎಂದು ಕೇಳಿದೆ" ಎಂದಳು. ಒಳಗೆ ಹೋಗಿ ಭಟ್ಟರನ್ನು ಕೇಳಿದೆವು. ಅವರು ಬಿಳಿ ಪ್ಲಾಸ್ಟಿಕ್ ಚೀಲವೊಂದನ್ನು ತೋರಿಸಿದರು. ಅದರ ಮೇಲೆ ಹೆಸರಿಲ್ಲ, ಹಸಿರು ಚುಕ್ಕೆಯಿಲ್ಲ. ಸರಬರಾಜುದಾರನಿಗೆ ಫೋನು ಮಾಡಿದರೆ ಮೊದಲು "ಎಲ್ಲ ಹೋಟೆಲಿನವರೂ ಇದನ್ನೇ ಒಯ್ಯುತ್ತಾರೆ" ಎಂದ. ಎರಡನೇ ಸಲ ಕೇಳಿದಾಗ "ಅದರಲ್ಲಿ ಜೆಲಟಿನ್ ಇರಬಹುದು" ಎಂದ. ಜೆಲಟಿನ್ ಎಂದರೆ ದನ, ಹಂದಿ, ಮೀನುಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುವ ಪದಾರ್ಥ. ಎಷ್ಟೋ ತಿಂಗಳು ನಾವು ಅದನ್ನು ಪ್ಯೂರ್ ವೆಜ್ ಬೋರ್ಡಿನ ಕೆಳಗೆ ಬಡಿಸಿದ್ದೆವು. ಆ ಹುಡುಗಿಯ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆವು. ಅವಳು ಮತ್ತೆ ನಮ್ಮ ಹೋಟೆಲಿಗೆ ಬಂದದ್ದನ್ನು ನಾವು ಕಾಣೆವು.

ಅಂದೇ ಆ ಚೀಲ ಕಸಕ್ಕೆ ಹೋಯಿತು. ಮರುದಿನದಿಂದ ಚೈನಾ ಗ್ರಾಸ್ ತರಿಸಿ ಜೆಲ್ಲಿಯನ್ನು ನಮ್ಮ ಅಡುಗೆಮನೆಯಲ್ಲೇ ಮಾಡತೊಡಗಿದೆವು. ಇಲ್ಲಿಗೆ ಸಮಸ್ಯೆ ಮುಗಿಯಿತು ಎಂದುಕೊಂಡೆವು. ಎರಡು ತಿಂಗಳ ಮೇಲೆ ನಮ್ಮ ಹಳೆಯ ಗಿರಾಕಿಯಾದ ಗುಜರಾತಿ ಜೈನ ಹಿರಿಯರೊಬ್ಬರು ಮೊಮ್ಮಗನ ಜತೆ ಬಂದಿದ್ದರು. ನಾವೇ ಹೆಮ್ಮೆಯಿಂದ, "ಸೇಠ್‌ಜೀ, ಧೈರ್ಯವಾಗಿ ತಿನ್ನಿ, ನಮ್ಮ ಜೆಲ್ಲಿಯಲ್ಲಿ ಜೆಲಟಿನ್ ಇಲ್ಲ, ಸಮುದ್ರದ ಪಾಚಿಯಿಂದ ಮಾಡಿದ್ದು" ಎಂದೆವು. ಅವರು ಚಮಚ ಕೆಳಗಿಟ್ಟರು. "ಅಣ್ಣಾ, ನಮ್ಮಲ್ಲಿ ಪಾಚಿ ಅನಂತಕಾಯ. ಗೆಡ್ಡೆ ಗೆಣಸು ಬಿಟ್ಟ ಹಾಗೆ ಅದನ್ನೂ ಬಿಡುತ್ತೇವೆ. ಇಷ್ಟು ದಿನ ಹೇಳಲಿಲ್ಲವಲ್ಲ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದು ನಮಗೆ ಸಿಟ್ಟಿಗಿಂತ ಹೆಚ್ಚು ತಾಗಿತು.

ಈ ಎರಡು ಘಟನೆಗಳಿಂದ ನಾವು ಕಲಿತದ್ದನ್ನು ಸದಸ್ಯರ ಮುಂದಿಡಬೇಕೆಂದು ಈ ಲೇಖನ. ನಮ್ಮ ಅಭಿಪ್ರಾಯ ಇಷ್ಟೇ. ಕಡಲ ಪಾಚಿಯ ಅಂಟು ಒಳ್ಳೆಯ ಪದಾರ್ಥ. ಸಸ್ಯಾಹಾರಿ ಹೋಟೆಲಿಗೆ ಅದು ದೊಡ್ಡ ಉಪಕಾರಿ. ಆದರೆ ಅದನ್ನು ತಿಳಿದು ಬಳಸಬೇಕು, ಹೆಸರು ಹೇಳಿ ಬಡಿಸಬೇಕು. ಔಷಧಿ ಎಂದು ಮಾತ್ರ ಮಾರಬಾರದು. ಈಗ "ಹೆಲ್ತ್ ಫುಡ್" ಎಂಬ ಮಾತಿಗೆ ಪೇಟೆಯಲ್ಲಿ ಬೆಲೆ ಬಂದಿರುವುದರಿಂದ ಈ ಕೊನೆಯ ಮಾತನ್ನು ಒತ್ತಿ ಹೇಳಬೇಕಾಗಿದೆ.

ಮೊದಲು ಈ ಪದಾರ್ಥ ಏನೆಂದು ನೋಡೋಣ. ನಮ್ಮಲ್ಲಿ ಬಹಳ ಮಂದಿ ಕರಾವಳಿಯಿಂದ ಬಂದವರು. ಸಮುದ್ರದ ಬಂಡೆಗಳ ಮೇಲೆ ಹಸಿರು, ಕಂದು, ಕೆಂಪು ಪಾಚಿ ಬೆಳೆದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೇವೆ, ಅದರ ಮೇಲೆ ಕಾಲು ಜಾರಿ ಬಿದ್ದದ್ದೂ ಇದೆ. ಆ ಜಾರುವ ಗುಣದಲ್ಲೇ ವಿಷಯವೆಲ್ಲ ಇದೆ. ಅಲೆ ಹೊಡೆದಾಗ ಮುರಿಯದೆ ಬಾಗಬೇಕಾದ ಈ ಸಸ್ಯಗಳಿಗೆ ಮರದ ಹಾಗೆ ಗಟ್ಟಿ ಕಾಂಡ ಒಗ್ಗುವುದಿಲ್ಲ. ಅವುಗಳ ಮೈ ತುಂಬ ನೀರು ಹಿಡಿದಿಟ್ಟುಕೊಳ್ಳುವ ಅಂಟು ಇರುತ್ತದೆ. ರಸಾಯನಶಾಸ್ತ್ರದವರು ಇದನ್ನು ಪಾಲಿಸ್ಯಾಕರೈಡ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸಕ್ಕರೆಯ ಅಣುಗಳನ್ನು ಕೋದ ಉದ್ದನೆಯ ಸರ.

ಸರ ಎಂದರೆ ಹೊಸದೇನಲ್ಲ. ಅಕ್ಕಿ, ಸಾಬಕ್ಕಿ, ಆಲೂಗಡ್ಡೆಗಳ ಪಿಷ್ಟವೂ ಇಂಥದೇ ಸರ, ಅದರ ಮಣಿ ಗ್ಲೂಕೋಸ್. ನಮ್ಮ ಬಾಯಿಯ ಜೊಲ್ಲು ಮತ್ತು ಕರುಳಿನ ರಸ ಅದನ್ನು ಕಡಿದು ಮಣಿ ಮಣಿಯಾಗಿ ಬಿಡಿಸುತ್ತವೆ, ಆದ್ದರಿಂದ ಅನ್ನ ಶಕ್ತಿ ಕೊಡುತ್ತದೆ. ಚೈನಾ ಗ್ರಾಸ್ ಅಂದರೆ ಅಗರ್ ಕೆಂಪು ಪಾಚಿಯಿಂದ ಬರುವ ಸರ. ಅದರಲ್ಲಿರುವ ಮುಖ್ಯ ಮಣಿ ಗ್ಯಾಲಕ್ಟೋಸ್. ಹಾಲಿನ ಸಕ್ಕರೆಯಲ್ಲಿಯೂ ಗ್ಯಾಲಕ್ಟೋಸ್ ಇದೆ, ಆದರೆ ಪಾಚಿಯಲ್ಲಿ ಅದನ್ನು ಕೋದ ರೀತಿ ಬೇರೆ. ಆ ಗಂಟನ್ನು ಬಿಚ್ಚುವ ಕತ್ತರಿ ನಮ್ಮ ಹೊಟ್ಟೆಯಲ್ಲಿಲ್ಲ. ಹಾಗಾಗಿ ಅಗರ್ ಹೆಚ್ಚುಕಡಿಮೆ ಹೋದ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಂದರೆ ಅದು ನಾರಿನಂಶ.

ಅಡುಗೆಮನೆಯ ಮಟ್ಟಿಗೆ ಅಗರ್‌ನ ದೊಡ್ಡ ಗುಣ ಇನ್ನೊಂದು. ಒಮ್ಮೆ ಕುದಿಸಿ ಕರಗಿಸಿದ ಮೇಲೆ ಅದು ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಜೆಲಟಿನ್ ಹಾಗಲ್ಲ, ಅದು ನಮ್ಮ ಮೈಶಾಖಕ್ಕೇ ಕರಗುತ್ತದೆ. ಚೆನ್ನೈಯ ಮೇ ತಿಂಗಳಲ್ಲಿ ಮೇಜಿನ ಮೇಲಿಟ್ಟ ಜೆಲಟಿನ್ ಜೆಲ್ಲಿ ನೀರಾದೀತು, ಚೈನಾ ಗ್ರಾಸ್‌ನದ್ದು ನಿಂತೇ ಇರುತ್ತದೆ. ಲೀಟರಿಗೆ ಸುಮಾರು 10 ಗ್ರಾಂ ಸಾಕು. ಒಂದು ಎಚ್ಚರಿಕೆಯೂ ಇದೆ. ನಿಂಬೆ ರಸವನ್ನೋ ಅನಾನಸ್ ರಸವನ್ನೋ ಅಗರ್ ಜತೆ ಕುದಿಸಬಾರದು, ಹುಳಿಯಲ್ಲಿ ಕುದಿದರೆ ಸರ ಕಡಿದು ಜೆಲ್ಲಿ ಸಡಿಲವಾಗುತ್ತದೆ. ಒಲೆಯಿಂದ ಇಳಿಸಿದ ಮೇಲೆ ರಸ ಸೇರಿಸಬೇಕು.

ಎರಡನೆಯದು ಕ್ಯಾರಗೀನನ್. ಇದೂ ಕೆಂಪು ಪಾಚಿಯದ್ದೇ, ಇದರ ಮುಖ್ಯ ಮಣಿಯೂ ಗ್ಯಾಲಕ್ಟೋಸ್. ಆದರೆ ಇದರ ಮಣಿಗಳಿಗೆ ಸಲ್ಫೇಟ್ ಅಂಟಿಕೊಂಡಿರುತ್ತದೆ. ಎರಡು ಮಣಿಗೆ ಸುಮಾರು ಒಂದು ಸಲ್ಫೇಟ್ ಇದ್ದರೆ ಕಪ್ಪಾ, ಎರಡಿದ್ದರೆ ಅಯೋಟಾ, ಮೂರಿದ್ದರೆ ಲ್ಯಾಂಬ್ಡಾ. ಕಪ್ಪಾ ಪೊಟ್ಯಾಶಿಯಂ ಸಿಕ್ಕಿದರೆ ಗಡುಸಾಗಿ ಕಟ್ಟಿಕೊಳ್ಳುತ್ತದೆ, ಅಯೋಟಾ ಕ್ಯಾಲ್ಶಿಯಂ ಸಿಕ್ಕಿದರೆ ಮೆತ್ತಗೆ ಕಟ್ಟಿಕೊಳ್ಳುತ್ತದೆ, ಲ್ಯಾಂಬ್ಡಾ ಕಟ್ಟಿಕೊಳ್ಳದೆ ದಪ್ಪ ಮಾತ್ರ ಮಾಡುತ್ತದೆ. ಕಪ್ಪಾ ಹಾಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಹತ್ತು ಸಾವಿರ ಭಾಗ ಚಾಕೊಲೇಟ್ ಹಾಲಿಗೆ ಎರಡು ಮೂರು ಭಾಗ ಹಾಕಿದರೂ ಕೋಕೋ ಪುಡಿ ತಳಕ್ಕೆ ಇಳಿಯುವುದಿಲ್ಲ. ಮೂರನೆಯದು ಕಂದು ಪಾಚಿಯಿಂದ ಬರುವ ಆಲ್ಜಿನೇಟ್. ಸ್ಕಾಟ್ಲೆಂಡಿನ ಸ್ಟ್ಯಾನ್‌ಫರ್ಡ್ ಎಂಬ ರಸಾಯನಶಾಸ್ತ್ರಜ್ಞ 1880ರ ದಶಕದ ಆರಂಭದಲ್ಲಿ ಇದನ್ನು ಬೇರ್ಪಡಿಸಿದ. ಕ್ಯಾಲ್ಶಿಯಂ ತಾಗಿದ ಕೂಡಲೇ ಇದು ಗಟ್ಟಿಯಾಗುತ್ತದೆ, ಆಮೇಲೆ ಬಿಸಿ ಮಾಡಿದರೂ ಕರಗುವುದಿಲ್ಲ. ದೊಡ್ಡ ಹೋಟೆಲುಗಳಲ್ಲಿ ಮಾವಿನ ರಸವನ್ನು ಮುತ್ತಿನ ಹಾಗೆ ಗುಂಡು ಮಾಡಿ ಬಡಿಸುವುದು ಇದರಿಂದಲೇ.

ನಿಮ್ಮ ಫ್ರಿಜ್ಜಿನಲ್ಲಿರುವ ಐಸ್‌ಕ್ರೀಮ್ ಡಬ್ಬಿಯನ್ನು ತಿರುಗಿಸಿ ನೋಡಿ. ಸ್ಟೆಬಿಲೈಸರ್ ಎಂದು ಬರೆದಲ್ಲಿ ಅಂಕೆಗಳಿರುತ್ತವೆ. 406 ಇದ್ದರೆ ಅಗರ್, 407 ಕ್ಯಾರಗೀನನ್, 401 ಸೋಡಿಯಂ ಆಲ್ಜಿನೇಟ್. 412 ಎಂದರೆ ಪಾಚಿಯಲ್ಲ, ಗೋರಿಕಾಯಿ ಬೀಜದ ಗೋರ್ ಗಮ್. ಚೈನಾ ಗ್ರಾಸ್ ಎಂದೂ ತರಿಸದವರ ಹೋಟೆಲಿನೊಳಗೂ ಪಾಚಿ ಈ ದಾರಿಯಲ್ಲಿ ಬಂದಿರಬಹುದು. ಜೈನ ಗಿರಾಕಿಗೆ ಉತ್ತರ ಹೇಳಬೇಕಾದವರು ಈ ನಾಲ್ಕು ಅಂಕೆಗಳನ್ನಾದರೂ ಬಾಯಿಪಾಠ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಅಗರ್ ಕಂಡುಹಿಡಿದದ್ದರ ಬಗ್ಗೆ ಜಪಾನಿನಲ್ಲಿ ಒಂದು ಐತಿಹ್ಯವಿದೆ. ನಮ್ಮ ಕಸುಬಿನವರಿಗೆ ಅದನ್ನು ಕೇಳಿದರೆ ಸಂತೋಷವಾದೀತು. ಸುಮಾರು 1658ರಲ್ಲಿ ಕ್ಯೋಟೋ ಹತ್ತಿರದ ಫುಶಿಮಿಯಲ್ಲಿ ಮಿನೋಯಾ ತರೋಜಾಯೆಮೋನ್ ಎಂಬವನು ವಸತಿಗೃಹ ನಡೆಸುತ್ತಿದ್ದ. ಚಳಿಗಾಲದ ಒಂದು ರಾತ್ರಿ ದೊಡ್ಡ ಮನುಷ್ಯರ ಊಟ ಮುಗಿದ ಮೇಲೆ ಉಳಿದ ಪಾಚಿಯ ಜೆಲ್ಲಿಯನ್ನು ಹೊರಗೆ ಎಸೆದ. ಅದು ರಾತ್ರಿ ಹೆಪ್ಪುಗಟ್ಟಿತು, ಹಗಲಲ್ಲಿ ಕರಗಿ ನೀರು ಇಳಿಯಿತು. ಕೆಲವು ದಿನ ಹೀಗಾಗಿ ಕೊನೆಗೆ ಹಗುರವಾದ ಒಣ ಎಳೆ ಉಳಿಯಿತು. ಅದನ್ನು ಮತ್ತೆ ಕುದಿಸಿ ನೋಡಿದರೆ ಮೊದಲಿಗಿಂತ ತಿಳಿಯಾದ ಜೆಲ್ಲಿ ಬಂತು. ಹೀಗೆ ಉಳಿದ ತಿಂಡಿಯನ್ನು ಎಸೆದು, ಎಸೆದದ್ದನ್ನೂ ಗಮನಿಸಿದ ಒಬ್ಬ ಹೋಟೆಲಿನವನಿಂದ ಒಣ ಅಗರ್ ಬಂತು ಎನ್ನುತ್ತಾರೆ. ನಮ್ಮ ಚೈನಾ ಗ್ರಾಸ್ ಎಳೆಗಳಿಗೂ ಅದೇ ಮೂಲ.

ಇನ್ನೊಂದು ಸಂಗತಿ ಐತಿಹ್ಯವಲ್ಲ, ಇತಿಹಾಸ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ರೋಗಾಣುಗಳನ್ನು ಬೆಳೆಸುತ್ತಿದ್ದರು. ಅವರು ಬಳಸುತ್ತಿದ್ದ ಜೆಲಟಿನ್ ಬೆಚ್ಚಗಾದರೆ ಕರಗಿಹೋಗುತ್ತಿತ್ತು, ಕೆಲವು ರೋಗಾಣುಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಅವರ ಪತ್ನಿ ಫ್ಯಾನಿ ಹೆಸ್ಸೆ ತಾನು ಅಡುಗೆಯಲ್ಲಿ ಪುಡ್ಡಿಂಗಿಗೆ ಹಾಕುತ್ತಿದ್ದ ಅಗರ್ ಬಳಸಿ ನೋಡಿ ಎಂದರು. ಜಾವಾದಲ್ಲಿ ಇದ್ದು ಬಂದ ಪರಿಚಿತರಿಂದ ಅವರು ಅದನ್ನು ಕಲಿತಿದ್ದರು. ಅಂದಿನಿಂದ ಇಂದಿನವರೆಗೆ ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ರೋಗಾಣು ಬೆಳೆಸುವ ತಟ್ಟೆಯಲ್ಲಿರುವುದು ಅಗರ್. ಕಾಕ್ ಅವರು 1882ರಲ್ಲಿ ಕ್ಷಯದ ಬಗ್ಗೆ ಬರೆದಾಗ ಅಗರ್ ಹೆಸರು ಹೇಳಿದರು, ಆ ತಾಯಿಯ ಹೆಸರು ಹೇಳಲಿಲ್ಲ. ಅಡುಗೆಮನೆಯ ತಿಳಿವಳಿಕೆ ಸಣ್ಣದಲ್ಲ ಎಂದು ತಿಳಿಯಲು ಇದು ಸಾಕು.

ಈಗ ಆರೋಗ್ಯದ ಮಾತಿಗೆ ಬರೋಣ. ಇತ್ತೀಚೆಗೆ ನಮ್ಮ ಸದಸ್ಯರ ಪೈಕಿಯೇ ಕೆಲವರು "ಸೀವೀಡ್ ಜೆಲ್ಲಿ, ಸಕ್ಕರೆ ಕಾಯಿಲೆಗೆ ಉತ್ತಮ", "ತೂಕ ಇಳಿಸುವ ಪುಡ್ಡಿಂಗ್" ಎಂಬಂತಹ ಫಲಕ ಹಾಕಿದ್ದನ್ನು ಕಂಡಿದ್ದೇವೆ. ಯಾರನ್ನೂ ನೋಯಿಸಲು ಹೇಳುತ್ತಿಲ್ಲ. ಆದರೆ ವಿಜ್ಞಾನ ಹೇಳುವುದು ಎಷ್ಟು, ನಾವು ಸೇರಿಸುವುದು ಎಷ್ಟು ಎಂದು ತೂಗಿ ನೋಡಬೇಕು.

ಪಾಚಿಯ ಅಂಟಿಗೆ ಗುಣವಿಲ್ಲ ಎಂದು ಯಾರೂ ಹೇಳಲಾರರು. ಎದೆ ಉರಿಗೆ ಕೊಡುವ ಕೆಲವು ಔಷಧಿಗಳಲ್ಲಿ ಆಲ್ಜಿನೇಟ್ ಇದೆ. ಹೊಟ್ಟೆಯ ಹುಳಿ ತಾಗಿದೊಡನೆ ಅದು ಜೆಲ್ ಆಗುತ್ತದೆ. ಜತೆಗಿರುವ ಸೋಡಾದಿಂದ ಏಳುವ ಗಾಳಿಯ ಗುಳ್ಳೆ ಅದರೊಳಗೆ ಸಿಕ್ಕಿಕೊಂಡು ಒಂದು ತೆಪ್ಪದ ಹಾಗೆ ಮೇಲೆ ತೇಲುತ್ತದೆ, ಹುಳಿ ಗಂಟಲಿಗೆ ಏರದಂತೆ ತಡೆಯುತ್ತದೆ. ಇದು ಸಾಬೀತಾದ ಸಂಗತಿ. ಅಗರ್ ಬಗ್ಗೆ 2005ರಲ್ಲಿ ಜಪಾನಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಸ್ಥೂಲಕಾಯ ಮತ್ತು ಸಕ್ಕರೆ ತೊಂದರೆ ಇದ್ದ 76 ಮಂದಿಯನ್ನು 12 ವಾರ ನೋಡಿದರು. ಸಾಂಪ್ರದಾಯಿಕ ಜಪಾನಿ ಊಟದ ಜತೆ ಅಗರ್ ತಿಂದವರ ತೂಕ, ಊಟ ಮಾತ್ರ ಪಾಲಿಸಿದವರಿಗಿಂತ ಹೆಚ್ಚು ಇಳಿದಿತ್ತು. ಇದು ಒಳ್ಳೆಯ ಸುದ್ದಿಯೇ. ಆದರೆ ಅದು 76 ಮಂದಿಯ ಅಧ್ಯಯನ, ಎರಡೂ ಗುಂಪಿನವರು ಊಟದಲ್ಲಿ ಪಥ್ಯ ಹಿಡಿದಿದ್ದರು. ಐಸ್‌ಕ್ರೀಮ್ ಹಾಕಿದ ಫಲೂದಾವನ್ನು ಯಾರಿಗೂ ಕೊಟ್ಟಿರಲಿಲ್ಲ.

ಸಲ್ಫೇಟ್ ಇರುವ ಅಂಟುಗಳ ಬಗ್ಗೆ ಇನ್ನೂ ದೊಡ್ಡ ದೊಡ್ಡ ಮಾತು ಕೇಳಿಬರುತ್ತದೆ. ಸಲ್ಫೇಟ್‌ನಿಂದಾಗಿ ಆ ಸರಕ್ಕೆ ಋಣ ವಿದ್ಯುತ್ ಬರುತ್ತದೆ, ಅದು ವೈರಸ್ಸಿನ ಮೈಗೂ ನಮ್ಮ ದೇಹದ ಪ್ರೋಟೀನುಗಳಿಗೂ ಅಂಟಿಕೊಳ್ಳಬಲ್ಲದು. 2021ರಲ್ಲಿ ಅರ್ಜೆಂಟೀನಾದ ವೈದ್ಯರು ಕೋವಿಡ್ ರೋಗಿಗಳ ನಡುವೆ ದುಡಿಯುತ್ತಿದ್ದ 394 ಆಸ್ಪತ್ರೆ ಸಿಬ್ಬಂದಿಯ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಅಯೋಟಾ ಕ್ಯಾರಗೀನನ್ ಮೂಗಿಗೆ ಸಿಂಪಡಿಸಿಕೊಂಡವರಲ್ಲಿ ನೂರಕ್ಕೆ 1 ಮಂದಿಗೆ, ಬರೀ ಉಪ್ಪುನೀರು ಸಿಂಪಡಿಸಿಕೊಂಡವರಲ್ಲಿ ನೂರಕ್ಕೆ 5 ಮಂದಿಗೆ ಸೋಂಕು ತಗಲಿತ್ತು. ಆದರೆ ಇದು ಮೂಗಿಗೆ ಹಾಕಿದ ಮದ್ದು. ಅದೇ ಪದಾರ್ಥ ಐಸ್‌ಕ್ರೀಮಿನ ಜತೆ ಹೊಟ್ಟೆಗೆ ಹೋದರೆ ಮೂಗಿನ ವೈರಸ್ಸಿಗೆ ಏನೂ ಮಾಡದು.

ಇದರ ಇನ್ನೊಂದು ಮುಖವನ್ನೂ ನೋಡಿ. 1962ರಿಂದ ಪ್ರಪಂಚದ ಔಷಧ ಪ್ರಯೋಗಾಲಯಗಳಲ್ಲಿ ಇಲಿಯ ಪಾದಕ್ಕೆ ಕ್ಯಾರಗೀನನ್ ಚುಚ್ಚಿ, ಬಾವು ಬರಿಸಿ, ಬಾವು ಇಳಿಸುವ ಔಷಧಿಗಳನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಇದನ್ನು ಕೇಳಿ "ಕ್ಯಾರಗೀನನ್ ವಿಷ" ಎಂದು ಸಂದೇಶ ಹಂಚುವವರಿದ್ದಾರೆ. ಅದೂ ತಪ್ಪು. ಚುಚ್ಚುವುದು ಬೇರೆ, ತಿನ್ನುವುದು ಬೇರೆ. ಕ್ಯಾರಗೀನನ್ ಅನ್ನು ಬಲವಾದ ಹುಳಿಯಲ್ಲಿ ಕಾಯಿಸಿ ತುಂಡು ತುಂಡು ಮಾಡಿದರೆ ಪಾಲಿಜೀನನ್ ಎಂಬ ಬೇರೆ ಪದಾರ್ಥವಾಗುತ್ತದೆ. 1983ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಇರಬಹುದು ಎಂದದ್ದು ಈ ತುಂಡಾದದ್ದನ್ನು. ಆಹಾರಕ್ಕೆ ಬಳಸುವ ಕ್ಯಾರಗೀನನ್ ಬಗ್ಗೆ ಅದು ಹಾಗೆ ಹೇಳಲಿಲ್ಲ. 2018ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ದಿನಕ್ಕೆ ದೇಹತೂಕದ ಕಿಲೋಗೆ 75 ಮಿಲಿಗ್ರಾಂ ಎಂಬ ತಾತ್ಕಾಲಿಕ ಮಿತಿ ಹಾಕಿ, ಇನ್ನೂ ಮಾಹಿತಿ ಬೇಕು ಎಂದಿತು. ಕರುಳಿನ ಹುಣ್ಣಿನ ಕಾಯಿಲೆ ಇದ್ದವರ ಮೇಲೆ ಇದರ ಪರಿಣಾಮದ ಬಗ್ಗೆ ಸಂಶೋಧಕರಲ್ಲಿ ಚರ್ಚೆ ನಡೆದೇ ಇದೆ. ಅಮೃತವೆಂದೂ ವಿಷವೆಂದೂ ಕೂಗುವ ಎರಡೂ ಕಡೆಯವರಿಂದ ನಾವು ದೂರ ಇರುವುದು ಲೇಸು.

ಕಂದು ಪಾಚಿಯ ಫ್ಯೂಕೋಯ್ಡನ್ ಎಂಬ ಅಂಟನ್ನು ಮಾತ್ರೆ ಮಾಡಿ ಮಾರುತ್ತಾರೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಕ್ಯಾನ್ಸರ್ ಜೀವಕೋಶಗಳನ್ನು ಕುಗ್ಗಿಸಿದ್ದೂ ಇದೆ. ಗಾಜಿನ ತಟ್ಟೆಯಲ್ಲಿ ಗೆದ್ದದ್ದೆಲ್ಲ ಮನುಷ್ಯನ ಮೈಯಲ್ಲಿ ಗೆಲ್ಲುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥದ್ದನ್ನು ಮುಟ್ಟಬಾರದು. ನಮ್ಮ ಹೋಟೆಲಿಗೆ ಬರುವ ಹಿರಿಯರಲ್ಲಿ ಅಂಥವರು ಎಷ್ಟು ಮಂದಿ ಎಂದು ನಮಗೇನು ಗೊತ್ತು?

ಊರಿನಿಂದ ಊರಿಗೆ ಹೊಟ್ಟೆಯೂ ಬೇರೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಜಪಾನೀಯರ ಕರುಳಿನ ಸೂಕ್ಷ್ಮಜೀವಿಯೊಂದರಲ್ಲಿ ಕೆಂಪು ಪಾಚಿಯ ಅಂಟನ್ನು ಕಡಿಯುವ ಜೀನ್‌ಗಳನ್ನು ಕಂಡರು. ಅವು ಸಮುದ್ರದ ಸೂಕ್ಷ್ಮಜೀವಿಗಳಿಂದ ಬಂದವು, ತಲೆತಲಾಂತರದಿಂದ ಪಾಚಿ ತಿಂದವರ ಹೊಟ್ಟೆಗೆ ಆ ಪಾಚಿಯ ಜತೆಗೇ ಸೇರಿಕೊಂಡವು ಎಂದು ಅವರು ಹೇಳಿದರು. ಹೋಲಿಸಿ ನೋಡಿದ ಅಮೆರಿಕನ್ನರಲ್ಲಿ ಅವು ಕಾಣಲಿಲ್ಲ. ಜಪಾನಿನವರಿಗೆ ಆದ ಲಾಭವನ್ನು ಮುಂಬಯಿಯ ಗಿರಾಕಿಗೆ ಹಾಗೆಯೇ ಬರೆದುಕೊಡಲು ಆಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಇನ್ನು ನಮ್ಮದೇ ಲೆಕ್ಕ ನೋಡೋಣ. ಒಂದು ಲೀಟರ್ ಹಾಲಿಗೆ 10 ಗ್ರಾಂ ಚೈನಾ ಗ್ರಾಸ್, 150 ಗ್ರಾಂ ಸಕ್ಕರೆ ಹಾಕಿ ಪುಡ್ಡಿಂಗ್ ಮಾಡಿದೆವು ಎನ್ನಿ. ಅದರಿಂದ ಏಳು ಕಪ್ ಆಯಿತು. ಒಂದು ಕಪ್ಪಿನಲ್ಲಿ ಪಾಚಿಯ ನಾರು ಒಂದೂವರೆ ಗ್ರಾಂ ಕೂಡ ಇಲ್ಲ, ಸಕ್ಕರೆ ಮಾತ್ರ 21 ಗ್ರಾಂ ದಾಟಿತು. ಇದನ್ನು ಸಕ್ಕರೆ ಕಾಯಿಲೆಗೆ ಉತ್ತಮ ಎಂದು ಬರೆದರೆ ಗಿರಾಕಿಗೆ ಮೋಸ ಮಾಡಿದಂತೆಯೇ. ಕಾನೂನು ಕೂಡ ಬಿಡುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯ 53ನೇ ಕಲಮಿನಂತೆ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ 2018ರಲ್ಲಿ ಬೇರೆ ನಿಯಮಗಳೇ ಬಂದಿವೆ. ಮೆನು ಕಾರ್ಡಿನ ಒಂದು ಸಾಲಿಗೆ ವರ್ಷದ ಲಾಭ ಕೊಡುವ ಧೈರ್ಯ ಯಾರಿಗಿದೆ?

ಸುರಕ್ಷತೆಯ ಇನ್ನೊಂದು ಮಾತು. ಚೈನಾ ಗ್ರಾಸ್ ಜೆಲ್ಲಿ ಬಾಯಲ್ಲಿ ಕರಗುವುದಿಲ್ಲ ಎಂದೆವು. ಸಣ್ಣ ಮಕ್ಕಳ ವಿಷಯದಲ್ಲಿ ಅದೇ ಗುಣ ಅಪಾಯವಾಗುತ್ತದೆ. ಒಂದೇ ತುತ್ತಿಗೆ ಹೀರಿ ನುಂಗುವ ಪುಟ್ಟ ಕಪ್ಪಿನ ಜೆಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು 2004ರಲ್ಲಿ ಯುರೋಪಿನ ಒಕ್ಕೂಟ ಅಗರ್, ಕ್ಯಾರಗೀನನ್, ಆಲ್ಜಿನೇಟ್ ಹಾಕಿದ ಅಂಥ ಕಪ್ಪುಗಳ ಮಾರಾಟವನ್ನೇ ನಿಲ್ಲಿಸಿತು. ನಮ್ಮಲ್ಲಿ ಜೆಲ್ಲಿಯನ್ನು ಸಣ್ಣದಾಗಿ ಹೆಚ್ಚಿ ಹಾಕಿದರೆ ಸಾಕು. ಮದುವೆಯ ಕೇಟರಿಂಗ್ ಮಾಡುವವರು, ಮಕ್ಕಳ ಹುಟ್ಟುಹಬ್ಬದ ಆರ್ಡರು ಹಿಡಿಯುವವರು ಇದನ್ನು ನೆನಪಿಡಬೇಕು.

ಈ ಪಾಚಿ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. ತಮಿಳುನಾಡಿನ ರಾಮನಾಥಪುರಂ ಕಡೆ, ಮನ್ನಾರ್ ಕೊಲ್ಲಿಯಲ್ಲಿ, ಮೀನುಗಾರರ ಮನೆಯ ಹೆಂಗಸರು ಉಸಿರು ಬಿಗಿಹಿಡಿದು ನೀರಿಗೆ ಮುಳುಗಿ ಬಂಡೆಯಿಂದ ಪಾಚಿ ಕೀಳುತ್ತಾ ಬಂದಿದ್ದಾರೆ. ಅಗರ್ ಕೊಡುವ ಒಂದು ಜಾತಿಗೆ ಅಲ್ಲಿ ಮರಿಕ್ಕೊಳುಂದು ಪಾಸಿ ಎಂದು ಹೆಸರು, ಇನ್ನೊಂದಕ್ಕೆ ಕಂಜಿ ಪಾಸಿ. ಚೆನ್ನೈಯ ಅಂಗಡಿಯಲ್ಲಿ ಚೈನಾ ಗ್ರಾಸ್‌ಗೆ ಕಡಲ್ ಪಾಸಿ ಎನ್ನುವುದನ್ನು ಅಲ್ಲಿಯ ನಮ್ಮ ಸದಸ್ಯರು ಕೇಳಿರುತ್ತಾರೆ. ಕ್ಯಾರಗೀನನ್ ಕೊಡುವ ಕಪ್ಪಾಫೈಕಸ್ ಎಂಬ ಹೊರಗಿನ ಪಾಚಿಯನ್ನು 1980ರ ದಶಕದಲ್ಲಿ ಭಾವನಗರದ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ತರಿಸಿ ಬೆಳೆಸಿ ನೋಡಿತು. 2000ದ ದಶಕದಲ್ಲಿ ಮಂಡಪಂ ಕಡೆ ಪೆಪ್ಸಿಕೋ ಕಂಪೆನಿಯ ನೆರವಿನಿಂದ ಸ್ವಸಹಾಯ ಸಂಘಗಳ ಹೆಂಗಸರು ಬಿದಿರಿನ ತೆಪ್ಪಗಳಲ್ಲಿ ಅದನ್ನು ಬೆಳೆಸತೊಡಗಿದರು. ಎಷ್ಟೋ ಮನೆಗಳಿಗೆ ಆದಾಯ ಬಂತು. 2008ರಲ್ಲಿ ಅದೇ ಪಾಚಿ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿದ್ದನ್ನು ವಿಜ್ಞಾನಿಗಳು ವರದಿ ಮಾಡಿದರು. ಒಂದು ಕೈಯಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ. 20 ಗ್ರಾಂ ಪೊಟ್ಟಣದ ಹಿಂದೆ ಇಷ್ಟೆಲ್ಲ ಇದೆ ಎಂದು ತಿಳಿದರೆ ಅದನ್ನು ಹಾಳು ಮಾಡಲು ಮನಸ್ಸು ಬಾರದು.

ಇಷ್ಟು ಹೇಳಿದ ಮೇಲೆ ಸದಸ್ಯರಲ್ಲಿ ನಮ್ಮ ವಿನಂತಿ ಹೀಗಿದೆ. ಒಂದನೆಯದಾಗಿ, ಹೆಸರಿಲ್ಲದ ಚೀಲದ ಜೆಲ್ಲಿ ಪುಡಿಯನ್ನು ಒಳಗೆ ಬಿಡಬೇಡಿ. ಹಸಿರು ಚುಕ್ಕೆ ಇರುವ, ಪದಾರ್ಥಗಳ ಪಟ್ಟಿ ಇರುವ ಪೊಟ್ಟಣವನ್ನೇ ಕೊಳ್ಳಿ. ಕಂದು ತ್ರಿಕೋನ ಕಂಡರೆ ಹಿಂದಕ್ಕೆ ಕಳಿಸಿ. "ವೆಜ್ ಜೆಲಟಿನ್" ಎಂದು ಮಾರುವವರಿದ್ದಾರೆ, ಜೆಲಟಿನ್ ಎಂದೂ ವೆಜ್ ಅಲ್ಲ. ಅದು ಅಗರೋ, ಕ್ಯಾರಗೀನನ್ನೋ, ಇನ್ನೇನೋ ಎಂದು ಬರವಣಿಗೆಯಲ್ಲಿ ಕೇಳಿ. ಎರಡನೆಯದಾಗಿ, ಭಟ್ಟರಿಗೂ ಮಾಣಿಗಳಿಗೂ ಇದನ್ನು ಹೇಳಿಕೊಡಿ. ಗಿರಾಕಿ ಕೇಳುವುದು ಮಾಣಿಯನ್ನು, ಮಾಲೀಕರನ್ನಲ್ಲ. ಮೂರನೆಯದಾಗಿ, ಮೆನು ಕಾರ್ಡಿನಲ್ಲಿ ಜೆಲ್ಲಿ, ಫಲೂದಾ, ಪುಡ್ಡಿಂಗಿನ ಎದುರು "ಕಡಲ ಪಾಚಿಯಿಂದ ಮಾಡಿದ ಜೆಲ್ಲಿ ಇದೆ" ಎಂದು ಒಂದು ಸಾಲು ಬರೆಯಿರಿ. ನಾಲ್ಕನೆಯದಾಗಿ, ಯಾವ ಕಾಯಿಲೆಯ ಹೆಸರನ್ನೂ ಬರೆಯಬೇಡಿ.

ಹೀಗೆ ಬರೆದರೆ ಗಿರಾಕಿ ಕಡಿಮೆಯಾಗುತ್ತಾರೆ ಎಂದು ಮಿತ್ರರೊಬ್ಬರು ನಮ್ಮ ಜತೆ ವಾದಿಸಿದರು. ಪಾಚಿ ಎಂದು ಓದಿದರೆ ಯಾರು ತಿನ್ನುತ್ತಾರೆ ಎಂಬುದು ಅವರ ಅಂಜಿಕೆ. ನಾವು ಬರೆದೇ ನೋಡಿದೆವು. ಮೊದಲ ವಾರ ನಾಲ್ಕಾರು ಮಂದಿ ಮೂಗು ಮುರಿದದ್ದು ನಿಜ. ಆಮೇಲೆ ಕೇಳುವವರು ಹೆಚ್ಚಾದರು, ಕೇಳಿ ತಿನ್ನುವವರೂ ಇದ್ದಾರೆ, ಕೇಳಿ ಬಿಡುವವರೂ ಇದ್ದಾರೆ. ಬಿಡುವವರು ಬೇರೆ ಏನಾದರೂ ತರಿಸುತ್ತಾರೆ, ಎದ್ದು ಹೋಗುವುದಿಲ್ಲ.

ಆ ಸೇಠ್‌ಜೀ ಈಗಲೂ ಬರುತ್ತಾರೆ. ಅವರಿಗೆಂದು ಜೆಲ್ಲಿ ಇಲ್ಲದ, ಸಬ್ಜಾ ಬೀಜ ಮತ್ತು ಸೇವಿಗೆ ಹಾಕಿದ ಫಲೂದಾ ಮಾಡಿಕೊಡುತ್ತೇವೆ. ಅದಕ್ಕೆ ಐಸ್‌ಕ್ರೀಮ್ ಬದಲು ಗಟ್ಟಿ ಹಾಲು ಹಾಕುತ್ತೇವೆ, ಏಕೆಂದರೆ ನಮ್ಮ ಐಸ್‌ಕ್ರೀಮ್ ಡಬ್ಬಿಯ ಮೇಲೆ 407 ಇದೆ. ಮೊನ್ನೆ ಮೊಮ್ಮಗ ಕಾರ್ಡು ಓದಿ ಆ ಸಾಲನ್ನು ಅಜ್ಜನಿಗೆ ತೋರಿಸಿದ. ಅವರು ಏನೂ ಹೇಳಲಿಲ್ಲ, ಎಂದಿನಂತೆ ಎರಡು ಫಲೂದಾ ತರಿಸಿದರು.

ಊರು ಬಿಟ್ಟು ಬಂದು ಈ ನಗರಗಳಲ್ಲಿ ನಮ್ಮ ಹಿರಿಯರು ಕಟ್ಟಿದ ಹೋಟೆಲುಗಳಿಗೆ ಹೆಸರು ಬಂದದ್ದು ರುಚಿಯಿಂದ ಮಾತ್ರವಲ್ಲ. ಇಲ್ಲಿ ತಿಂದದ್ದು ಏನೆಂದು ನಂಬಬಹುದು ಎಂಬ ಭರವಸೆಯಿಂದಲೂ ಬಂದದ್ದು. ಬೋರ್ಡಿನ ಮೇಲಿನ ಆ ಎರಡು ಶಬ್ದಗಳನ್ನು ಅಡುಗೆಮನೆಯ ಪ್ರತಿಯೊಂದು ಡಬ್ಬಿಯೂ ಉಳಿಸಿಕೊಡಬೇಕು. ಸದಸ್ಯರು ಇಂದೇ ಒಳಗೆ ಹೋಗಿ ತಮ್ಮ ಜೆಲ್ಲಿ ಪುಡಿಯ ಪೊಟ್ಟಣವನ್ನು ತಿರುಗಿಸಿ ಓದಲಿ ಎಂದು ವಿನಂತಿಸುತ್ತೇವೆ.